ಕರಾವಳಿಯ ದೀಪಸ್ತಂಭಗಳು: ನೋಡಹೊರಟವರಿಗೆ ಮಾಹಿತಿ

ಕ್ಯಾಸಂಬಳ್ಳಿ: ಬಯಲುಸೀಮೆಯ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಶಿವನಸಮುದ್ರದಿಂದ ವಿದ್ಯುತ್ ಹರಿದದ್ದು 1902ರಲ್ಲಿ. ಅದರ ಹಿಂದಿನ ವರ್ಷವೇ ರಾಜ್ಯದ ಇನ್ನೊಂದು ಅಂಚಿನಲ್ಲಿ, ಕಾಪುವಿನ ಕಡಲಬಂಡೆಯ ಮೇಲೆ ದೀಪಸ್ತಂಭವೊಂದು ತಲೆಯೆತ್ತಿತ್ತು. ಇಂತಹ ಸ್ತಂಭಗಳನ್ನು ನೋಡಬಯಸುವ ಒಳನಾಡಿನ ಓದುಗರಿಗಾಗಿ ಈ ಮಾಹಿತಿ.

ಕಾಪು: ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿ.ಮೀ. ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಸಮೀಪದಲ್ಲಿದೆ. 1901ರಲ್ಲಿ ನಿರ್ಮಾಣಗೊಂಡ ಈ ಸ್ತಂಭದ ಎತ್ತರ ಸುಮಾರು 27 ಮೀಟರ್. ಕಪ್ಪು ಬಿಳುಪಿನ ಪಟ್ಟೆಗಳು ಕೇವಲ ಅಲಂಕಾರವಲ್ಲ. ಹಗಲಿನಲ್ಲಿ ನಾವಿಕರು ಸ್ಥಳವನ್ನು ಗುರುತಿಸಲು ಅವು ನೆರವಾಗುತ್ತವೆ. ಸಾಮಾನ್ಯವಾಗಿ ಸಂಜೆಯ ವೇಳೆ ಮಾತ್ರ ಮೇಲೇರಲು ಅವಕಾಶವಿರುತ್ತದೆ.

ಮಂಗಳೂರು: ಬಾವುಟಗುಡ್ಡೆಯ ಹಳೆಯ ದೀಪಸ್ತಂಭ ಈಗ ಬೆಳಗುತ್ತಿಲ್ಲ. ಆದರೂ ಆ ಪ್ರದೇಶಕ್ಕೆ ಲೈಟ್‌ಹೌಸ್ ಹಿಲ್ ಎಂಬ ಹೆಸರು ಉಳಿದಿದೆ. 1837ರ ಅಮರ ಸುಳ್ಯ ಬಂಡಾಯದ ರೈತರು ಬ್ರಿಟಿಷರ ವಿರುದ್ಧ ಧ್ವಜ ಹಾರಿಸಿದ ಗುಡ್ಡವೂ ಇದೇ. ಉತ್ತರದ ಸುರತ್ಕಲ್‌ನಲ್ಲಿರುವ ದೀಪಸ್ತಂಭ 1972ರದು.

ಕಾರವಾರ: ತೀರದಾಚೆಯ ದೇವಗಡ ದ್ವೀಪದಲ್ಲಿರುವ ಆಯ್ಸ್‌ಟರ್ ರಾಕ್ ದೀಪಸ್ತಂಭ 1864ರದು. ಧಾರವಾಡ ಸೀಮೆಯ ಹತ್ತಿಯನ್ನು ಹಡಗಿಗೇರಿಸುವ ಉದ್ದೇಶದಿಂದ ಕಾರವಾರ ಬಂದರನ್ನು ಬೆಳೆಸಲಾಗುತ್ತಿದ್ದ ಕಾಲವದು. ಇಲ್ಲಿಗೆ ದೋಣಿಯೊಂದೇ ದಾರಿ. ನೌಕಾನೆಲೆಯ ಪ್ರದೇಶವಾದ್ದರಿಂದ ಅನುಮತಿಯ ಬಗ್ಗೆ ಮೊದಲೇ ವಿಚಾರಿಸಿಕೊಳ್ಳುವುದು ಅಗತ್ಯ.

ಉಪಯೋಗವೇನು?: ಪ್ರತಿಯೊಂದು ದೀಪವೂ ನಿಗದಿತ ಅಂತರದಲ್ಲಿ ಮಿನುಗುತ್ತದೆ. ಆ ಲಯದಿಂದಲೇ ನಾವಿಕನಿಗೆ ಯಾವ ತೀರವೆಂಬುದು ತಿಳಿಯುತ್ತದೆ. ಉಪಗ್ರಹ ಆಧಾರಿತ ಜಿಪಿಎಸ್ ಬಂದಮೇಲೂ, ಉಪಕರಣ ಕೈಕೊಟ್ಟ ರಾತ್ರಿಯಲ್ಲಿ ಸಣ್ಣ ದೋಣಿಯ ಮೀನುಗಾರನಿಗೆ ಈ ಬೆಳಕೇ ದಿಕ್ಕು. ಹೀಗಾಗಿ ಇವು ಬರೀ ಪ್ರವಾಸಿ ತಾಣಗಳಲ್ಲ. 1927ರ ದೀಪಸ್ತಂಭ ಕಾಯಿದೆಯ ಬದಲಿಗೆ 2021ರಲ್ಲಿ ಹೊಸ ಕಾಯಿದೆಯನ್ನು ತರಲಾಯಿತು. ಅದು ಪಾರಂಪರಿಕ ದೀಪಸ್ತಂಭಗಳ ಸಂರಕ್ಷಣೆಗೂ ಅವಕಾಶ ಕಲ್ಪಿಸಿದೆ.

ಎಚ್ಚರಿಕೆ: ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧವಿರುತ್ತದೆ. ಪಳಗಿದ ಮೀನುಗಾರರೇ ದಡದಲ್ಲುಳಿಯುವ ಆ ದಿನಗಳಲ್ಲಿ ಪ್ರವಾಸಿಗರು ಬಂಡೆಗಳ ಮೇಲೆ ಸಾಹಸಕ್ಕಿಳಿಯುವುದು ಸಲ್ಲದು. ಪಾಚಿಗಟ್ಟಿದ ಕಲ್ಲು ಜಾರುತ್ತದೆ. ಅಲೆ ಮುನ್ಸೂಚನೆ ನೀಡದೆ ಏರುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಭೇಟಿಗೆ ಸೂಕ್ತ.