ಸುಜೂದ್‌ಗೆ ಬಾಗುವ ಕಾಲು

ಅರ್ಫಜಾ ಬಿನ್ ಅಸ್‌ಅದ್(ರ) ಎಂಬ ಸಹಾಬಿಯ ಹೆಸರನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ಇಸ್ಲಾಮಿಗೆ ಮುಂಚಿನ ಅಜ್ಞಾನ ಕಾಲದಲ್ಲಿ ನಡೆದ ಕುಲಾಬ್ ಯುದ್ಧದಲ್ಲಿ ಅವರ ಮೂಗು ತುಂಡಾಗಿತ್ತು. ಅವರು ಬೆಳ್ಳಿಯ ಮೂಗು ಮಾಡಿಸಿಕೊಂಡರು, ಅದರಿಂದ ದುರ್ವಾಸನೆ ಬರತೊಡಗಿತು. ಆಗ ಪ್ರವಾದಿವರ್ಯರು(ಸ) ಚಿನ್ನದ ಮೂಗು ಮಾಡಿಸಿಕೊಳ್ಳುವಂತೆ ಅವರಿಗೆ ಹೇಳಿದರು. ಅಬೂದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿ ಈ ವರದಿ ಇದೆ. ಪುರುಷರಿಗೆ ಚಿನ್ನ ನಿಷಿದ್ಧ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಆದರೂ ಯುದ್ಧದಲ್ಲಿ ಅಂಗ ಕಳೆದುಕೊಂಡ ಒಬ್ಬ ಮನುಷ್ಯ ನಾಲ್ಕು ಜನರ ನಡುವೆ ಮುಜುಗರವಿಲ್ಲದೆ ಕೂರುವಂತಾಗಲು ಆ ನಿಷೇಧ ಅವರ ಪಾಲಿಗೆ ಸಡಿಲವಾಯಿತು. ಮುರಿದದ್ದನ್ನು ಸರಿಪಡಿಸುವುದಕ್ಕೆ ದೀನಿನಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ನಾವು ಇಲ್ಲಿಂದಲೇ ತಿಳಿಯಬೇಕು.

ನಮ್ಮ ದೇಶದ ಇತಿಹಾಸದಲ್ಲೂ ಇಂಥದ್ದೊಂದು ಪುಟವಿದೆ. 1960ರ ದಶಕದಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆತಜ್ಞ ಡಾ. ಪ್ರಮೋದ್ ಕರಣ್ ಸೇಠಿಯವರು ಒಂದು ವಿಷಯ ಗಮನಿಸಿದರು. ಕಾಲು ಕಳೆದುಕೊಂಡ ಹಳ್ಳಿಗರು ಆಸ್ಪತ್ರೆ ಕೊಟ್ಟ ಕೃತಕ ಕಾಲನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಆ ಕಾಲು ಪಾಶ್ಚಾತ್ಯ ಮಾದರಿಯದು. ಅದಕ್ಕೆ ಶೂ ಬೇಕು, ಕುರ್ಚಿ ಬೇಕು. ಅದನ್ನು ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಲಾಗದು, ಕೆಸರುಗದ್ದೆಗೆ ಇಳಿಯಲಾಗದು. ಚಪ್ಪಲಿ ಕಳಚಿ ಮಸೀದಿಗೋ ಮಂದಿರಕ್ಕೋ ಹೋಗಬೇಕಾದವನಿಗೆ ಅದು ನಿರುಪಯೋಗಿ.

ಇದಕ್ಕೆ ದಾರಿ ತೋರಿಸಿದವರು ಅದೇ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೈಕೆಲಸ ಕಲಿಸುತ್ತಿದ್ದ ರಾಮಚಂದ್ರ ಶರ್ಮಾ. ಓದಿದ್ದು ಪ್ರಾಥಮಿಕ ಶಾಲೆಯ ಕೆಲವೇ ತರಗತಿ, ಕೈಯಲ್ಲಿ ಶಿಲ್ಪಿಯ ಕಸುಬು. ಒಂದು ದಿನ ಅವರ ಸೈಕಲ್ ಪಂಕ್ಚರ್ ಆಯಿತು. ರಿಪೇರಿಗೆ ಹೋದ ಅಂಗಡಿಯಲ್ಲಿ ಲಾರಿಯ ಸವೆದ ಟಯರಿಗೆ ಅಚ್ಚಿನಲ್ಲಿ ರಬ್ಬರ್ ಬೇಯಿಸಿ ಹೊಸ ಮೈ ಕೊಡುತ್ತಿದ್ದರು. ಇದೇ ರಬ್ಬರಿನಿಂದ ಪಾದವನ್ನೇಕೆ ಎರಕ ಹೊಯ್ಯಬಾರದು ಎಂದು ಅವರಿಗೆ ಹೊಳೆಯಿತು. ಪಾದದ ಅಚ್ಚು ಹಿಡಿದು ಮತ್ತೆ ಟಯರ್ ಅಂಗಡಿಗೆ ಹೋದರು. ಹಲವು ಬಾರಿ ಮಾಡಿ ಕೆಡವಿ, 1968ರ ಹೊತ್ತಿಗೆ ಮರ ಮತ್ತು ರಬ್ಬರಿನ ‘ಜೈಪುರ ಪಾದ’ ಸಿದ್ಧವಾಯಿತು. ನೀರಿಗೆ ಹೆದರದ, ಎಲ್ಲ ಕಡೆಗೂ ಬಾಗುವ, ಬರಿಗಾಲಿನಲ್ಲೇ ನಡೆಯಬಲ್ಲ ಪಾದ ಅದು. ಕಾಲಿನ ಭಾಗವನ್ನು ಕುಶಲಕರ್ಮಿಗಳು ಅಲ್ಯೂಮಿನಿಯಂ ತಗಡು ಬಡಿದು ಮಾಡುತ್ತಿದ್ದರು. ಮುಂದೆ ಅದಕ್ಕೆ ಪ್ಲಾಸ್ಟಿಕ್ ಪೈಪ್ ಬಂತು. 1975ರಲ್ಲಿ ಡಿ.ಆರ್. ಮೆಹ್ತಾ ಸ್ಥಾಪಿಸಿದ ಭಗವಾನ್ ಮಹಾವೀರ್ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಬಡವರಿಗೆ ಉಚಿತವಾಗಿ ತೊಡಿಸತೊಡಗಿತು. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈ ಪಾದ ದೇಶದ ಗಡಿ ದಾಟಿದ್ದು ಯುದ್ಧಗಳ ಕಾರಣದಿಂದ. ಪ್ರತಿವರ್ಷ ಮೇ 29ನ್ನು ವಿಶ್ವಸಂಸ್ಥೆಯ ಶಾಂತಿಪಾಲಕರ ದಿನವಾಗಿ ಆಚರಿಸುತ್ತಾರೆ. 1948ರಲ್ಲಿ ಫೆಲೆಸ್ತೀನಿನ ಕದನವಿರಾಮದ ಮೇಲ್ವಿಚಾರಣೆಗೆಂದು ಮೊದಲ ಪಡೆ ರೂಪುಗೊಂಡ ದಿನ ಅದು. ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು ಸೈಪ್ರಸ್ ದ್ವೀಪದಲ್ಲಿ ಗ್ರೀಕ್ ಕ್ರೈಸ್ತರು ಮತ್ತು ತುರ್ಕಿ ಮುಸ್ಲಿಮರ ನಡುವೆ ಶಾಂತಿ ಕಾಯುವ ಪಡೆಯ ದಂಡನಾಯಕರಾಗಿದ್ದು, 1965ರ ಡಿಸೆಂಬರ್‌ನಲ್ಲಿ ಅಲ್ಲಿಯೇ ತೀರಿಕೊಂಡರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಜಗಳವಾಡುವವರ ಮಧ್ಯೆ ಸಂಧಿ ಮಾಡಿಸಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಆದ್ದರಿಂದ ಅಂಥವರನ್ನು ಗೌರವಿಸುವುದು ನಮಗೂ ಸಲ್ಲುತ್ತದೆ.

ಆದರೆ ಬಂದೂಕು ಸುಮ್ಮನಾದ ಮೇಲೂ ನೆಲದೊಳಗೆ ಹೂತಿಟ್ಟ ಬಾಂಬುಗಳು ಸುಮ್ಮನಾಗುವುದಿಲ್ಲ. ಅಫ್ಘಾನಿಸ್ತಾನದಿಂದ 1989ರಲ್ಲಿ ಸೋವಿಯತ್ ಸೇನೆ ಹೊರಟುಹೋಯಿತು, ನೆಲಬಾಂಬುಗಳು ಉಳಿದವು. ಕುರಿ ಮೇಯಿಸುವ ಹುಡುಗರು, ಸೌದೆ ತರುವ ಹೆಂಗಸರು ಕಾಲು ಕಳೆದುಕೊಂಡರು. ಅಲ್ಲಿನ ಕುಶಲಕರ್ಮಿಗಳು ಜೈಪುರದ ಈ ವಿದ್ಯೆ ಕಲಿತು, ಸಿಡಿದುಬಿದ್ದ ಫಿರಂಗಿ ಗುಂಡುಗಳ ಲೋಹವನ್ನೇ ಬಡಿದು ಕೃತಕ ಕಾಲು ಮಾಡಿದರು. ಕಾಂಬೋಡಿಯಾದಲ್ಲಿ ಲಾರಿಯ ಹಳೆ ಟಯರ್ ಪಾದದ ರಬ್ಬರಾಯಿತು. ಕೊಲ್ಲಲು ಬಂದ ಲೋಹ ನಡೆಸುವ ಕಾಲಾಯಿತು. ಸೈನಿಕ ಶಾಂತಿ ಕಾಯುತ್ತಾನೆ ನಿಜ, ಆದರೆ ಈ ಕಮ್ಮಾರನನ್ನು ಆ ಸಾಲಿನಿಂದ ಹೊರಗಿಡಲು ನಮಗೆ ಕಾರಣ ಕಾಣದು.

‘ಪಂಕ್ಚರ್ ಅಂಗಡಿಯವರು’, ‘ಗುಜರಿಯವರು’ ಎಂಬ ಹೀಯಾಳಿಕೆ ನಮ್ಮ ಮಕ್ಕಳ ಕಿವಿಗೂ ಬಿದ್ದಿದೆ. ತಂದೆಯ ಕಸುಬನ್ನು ಶಾಲೆಯಲ್ಲಿ ಹೇಳಲು ನಾಚುವ ಮಕ್ಕಳಿದ್ದಾರೆ. ಲಕ್ಷಾಂತರ ಜನರನ್ನು ಎದ್ದು ನಿಲ್ಲಿಸಿದ ಯೋಚನೆ ಹುಟ್ಟಿದ್ದು ಅಂಥದೇ ಅಂಗಡಿಯ ಮುಂದೆ ಎಂದು ಅವರಿಗೆ ಹೇಳಿ. ಅಲ್ಲಾಹನ ರಸೂಲರು(ಸ) ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ, ಅದನ್ನೂ ಹೇಳಿ.

ಇನ್ನು ನಮ್ಮ ಮೊಹಲ್ಲಾದ ಮಾತು. ಇಲ್ಲಿ ನೆಲಬಾಂಬಿಲ್ಲ, ಆದರೆ ಸಕ್ಕರೆ ಕಾಯಿಲೆಯಿದೆ, ರಸ್ತೆ ಅಪಘಾತವಿದೆ. ಕಾಲು ತೆಗೆಸಿಕೊಂಡ ಮೇಲೆ ಎಷ್ಟೋ ಹಿರಿಯರು ಮಸೀದಿಗೆ ಬರುವುದನ್ನೇ ನಿಲ್ಲಿಸುತ್ತಾರೆ. ಕೆಲವರಿಗೆ ವುಝೂವಿನ ಗೊಂದಲ. ಪಾದದ ಗಂಟಿನ ಮೇಲ್ಭಾಗದಲ್ಲಿ ಕಾಲು ತೆಗೆದಿದ್ದರೆ ಆ ಕಾಲನ್ನು ತೊಳೆಯುವ ಕಡ್ಡಾಯವಿಲ್ಲ, ಹಾಗಾಗಿ ವುಝೂವಿಗಾಗಿ ಕೃತಕ ಕಾಲನ್ನು ಕಳಚಬೇಕಾಗಿಲ್ಲ. ಗಂಟಿನ ಕೆಳಗೆ ಪಾದದ ಭಾಗ ಉಳಿದಿದ್ದರೆ ಅಷ್ಟನ್ನು ತೊಳೆಯಬೇಕು. ನಿಂತು ನಮಾಝ್ ಮಾಡಲಾಗದವರು ಕುಳಿತು ಮಾಡಲಿ, ಅವರ ನಮಾಝ್ ಪೂರ್ಣವೇ.

ಆದರೆ ಅವರನ್ನು ಮಸೀದಿಯವರೆಗೆ ತಲುಪಿಸುವ ಹೊಣೆ ಜಮಾಅತಿನದು. ಮೆಟ್ಟಿಲಿನ ಪಕ್ಕ ಒಂದು ಇಳಿಜಾರು, ವುಝೂಖಾನೆಯಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಇದ್ದರೆ ಬಹಳವಾಯಿತು. ತೀರಿಕೊಂಡ ಅಜ್ಜನ ವಾಕರ್, ಅಜ್ಜಿಯ ಗಾಲಿಕುರ್ಚಿ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದರೆ ಮಸೀದಿಗೆ ತಂದುಕೊಡಿ. ರಿಪೇರಿ ಬಲ್ಲ ತರುಣರು ಅದನ್ನು ಸರಿಮಾಡಿ ಅಗತ್ಯವಿರುವವರಿಗೆ ಮುಟ್ಟಿಸಲಿ, ಅವರ ಧರ್ಮ ಯಾವುದೆಂದು ಕೇಳದೆ. ಆ ಗಾಲಿ ಉರುಳುವಷ್ಟು ದಿನ ಅಗಲಿದವರಿಗೆ ಅದರ ಪುಣ್ಯ ಸಲ್ಲುತ್ತಿರಲಿ.

ಮುರಿದದ್ದನ್ನು ಜೋಡಿಸುವ ಕೈಗಳಲ್ಲಿ ಅಲ್ಲಾಹನು ಬರಕತ್ ನೀಡಲಿ. ಆಮೀನ್.