ಆತಕೂರಿನ ಕಲ್ಲು ಮತ್ತು ಸಾಕುಪ್ರಾಣಿಯ ವಿಯೋಗ

ಮನೆಯಲ್ಲಿ ಸಾಕಿದ ಬೆಕ್ಕೋ ನಾಯಿಯೋ ಸತ್ತಾಗ ಕಣ್ಣೀರಿಡುವುದು ಇತ್ತೀಚಿನ ಪಟ್ಟಣವಾಸಿಗಳ ರೂಢಿಯೆಂದು ಹಗುರವಾಗಿ ನುಡಿಯುವವರುಂಟು. ಕನ್ನಡ ನಾಡಿನ ಇತಿಹಾಸ ಈ ಮಾತನ್ನು ಒಪ್ಪುವುದಿಲ್ಲ. ಸಾವಿರ ವರ್ಷಗಳಿಗೂ ಹಿಂದೆ ಸಾಕುಪ್ರಾಣಿಯೊಂದರ ಅಗಲಿಕೆಯನ್ನು ಕಲ್ಲಿನಲ್ಲಿ ಬರೆಯಿಸಿದ ನಾಡು ಇದು.

ಕ್ರಿ.ಶ. 949ರಲ್ಲಿ ತಕ್ಕೋಲದ ಕದನ ನಡೆಯಿತು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಪರವಾಗಿ ಗಂಗ ದೊರೆ ಇಮ್ಮಡಿ ಬೂತುಗನು ಹೋರಾಡಿದನು; ಚೋಳ ರಾಜಾದಿತ್ಯನು ಮಡಿದನು. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ಸೇವಕನಿಗೆ, ಬೇಕಾದುದನ್ನು ಕೇಳೆಂದು ಬೂತುಗನು ಅಪ್ಪಣೆಯಿತ್ತನು. ಮಣಲೆರನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ದೊರೆಯ ಬಳಿಯಿದ್ದ ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಸೆಣಸಿತು. ಹಂದಿ, ನಾಯಿ ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ದತ್ತಿಬಿಟ್ಟರು. ಆ ಕಲ್ಲನ್ನು ಪೂಜಿಸದೆ ಗೊರವನು ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂಬ ಕಟ್ಟಳೆಯನ್ನೂ ಬರೆಯಿಸಿದರು. ನಾಯಿ ಮತ್ತು ಹಂದಿಯ ಹೋರಾಟವನ್ನು ಕಂಡರಿಸಿರುವ ಆ ಶಿಲೆ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಶಾಸನದಲ್ಲಿ ಪ್ರೀತಿಯೂ ಇದೆ, ದುಃಖವೂ ಇದೆ. ಆದರೆ ಕಾಳಿಗೆ ಸಂದ ಗೌರವ ಅದರ ಶೌರ್ಯಕ್ಕೆ ಸಂದದ್ದು. ಆ ಶೌರ್ಯ ಬೇಟೆಯಲ್ಲಿ, ಎಂದರೆ ಸಂಕಲ್ಪಪೂರ್ವಕ ಹಿಂಸೆಯಲ್ಲಿ ತೊಡಗಿದ್ದಾಗಿತ್ತು. ಒಡೆಯನ ಅಕ್ಕರೆಯೇ ಪ್ರಾಣಿಯನ್ನು ಸಾವಿನೆಡೆಗೆ ಕೊಂಡೊಯ್ದಿತು. ನಿಲ್ಲಿಸಿದ ಕಲ್ಲು ಅದಕ್ಕೆ ಯಾವ ನೆರವನ್ನೂ ನೀಡಲಾರದಾಯಿತು. ಅದೇ ಬೂತುಗನ ಮಗ ಮಾರಸಿಂಹನು 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದನು. ಸತ್ತ ಬಳಿಕ ಸಲ್ಲುವ ಪೂಜೆಗಿಂತ ಸಾಯುವ ಹೊತ್ತಿನ ಪರಿಣಾಮಶುದ್ಧಿ ಮುಖ್ಯವೆಂಬುದನ್ನು ಆತನ ಮರಣ ತೋರಿಸಿಕೊಟ್ಟಿತು.

ಈ ಮಾತು ಮನುಷ್ಯರಿಗೆ ಮಾತ್ರ ಅನ್ವಯಿಸುವುದೆಂದು ನಮ್ಮ ಪೂರ್ವಿಕರು ತಿಳಿಯಲಿಲ್ಲ. ಹವಿಸ್ಸನ್ನು ಮುಟ್ಟಿತೆಂದು ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರನು ಪಂಚನಮಸ್ಕಾರ ಮಂತ್ರವನ್ನು ಹೇಳಿದನು; ಆ ಜೀವ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ವಾದೀಭಸಿಂಹನು ಸಂಸ್ಕೃತದಲ್ಲಿ ಹೇಳಿದ ಈ ಚರಿತೆಯನ್ನು ಭಾಸ್ಕರ ಕವಿ 1424ರಲ್ಲಿ ಕನ್ನಡಕ್ಕೆ ತಂದನು. ಈ ನಾಯಿಗೆ ಶೌರ್ಯವಿರಲಿಲ್ಲ, ಯಾರ ಉಪಕಾರಕ್ಕೂ ಬರುವ ಸ್ಥಿತಿಯಲ್ಲಿ ಅದು ಇರಲಿಲ್ಲ. ಆದರೂ ಅದಕ್ಕೆ ದೊರೆಯಬೇಕಾದುದು ಜೀವವಿರುವಾಗಲೇ ದೊರೆಯಿತು.

ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದಂತಹ ಬಯಲುಸೀಮೆಯ ಊರುಗಳಲ್ಲಿ ರಾಗಿ, ಕಡಲೆಕಾಯಿ ತುಂಬಿದ ಮನೆಗೆ ಬೆಕ್ಕು ಇಲಿಯ ಕಾಟಕ್ಕೆಂದು ಬಂದು, ಕ್ರಮೇಣ ಮನೆಯವರಲ್ಲಿ ಒಂದಾಗುವುದು ಸಹಜ. ಇಲ್ಲಿ ಶ್ರಾವಕರಿಗೆ ಒಂದು ತೊಡಕಿದೆ. ಪ್ರಾಣಿಗಳನ್ನು ಕೊಲ್ಲುವ ಪ್ರಾಣಿಯನ್ನು ಸಾಕುವುದು ಸಲ್ಲದೆಂದು ಹದಿಮೂರನೆಯ ಶತಮಾನದ ಆಶಾಧರ ಪಂಡಿತರ ‘ಸಾಗಾರಧರ್ಮಾಮೃತ’ ಎಚ್ಚರಿಸುತ್ತದೆ. ಇಲಿ ಹಿಡಿಸಲೆಂದು ಬೆಕ್ಕನ್ನು ತರುವುದು ಪರೋಕ್ಷ ಹಿಂಸೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಲ್ಲುದುರಿ, ಕಣ್ಣು ಮಸುಕಾಗಿ, ಒಲೆಯ ಬದಿಯಲ್ಲಿ ಮಲಗಿರುವ ಮುದಿ ಬೆಕ್ಕಿನಿಂದ ಮನೆಗೆ ಯಾವ ಪ್ರಯೋಜನವೂ ಇಲ್ಲ. ಅದಕ್ಕೆ ಹಾಲೆರೆಯುವ ಕೈಯಲ್ಲಿ ಸ್ವಾರ್ಥವಿಲ್ಲ, ಅಲ್ಲಿರುವುದು ಕಾರುಣ್ಯವೊಂದೇ. ದುಃಖಿತ ಜೀವಿಗಳಲ್ಲಿ ಕಾರುಣ್ಯಭಾವವಿರಬೇಕೆಂದು ತತ್ತ್ವಾರ್ಥಸೂತ್ರ ವಿಧಿಸುತ್ತದೆ. ಬೆಕ್ಕು ಮನಸ್ಸುಳ್ಳ ಸಂಜ್ಞಿ ಪಂಚೇಂದ್ರಿಯ ಜೀವಿ. ತಿರ್ಯಂಚಗತಿಯಲ್ಲಿದ್ದರೂ ಅಂತಹ ಜೀವಕ್ಕೆ ಸಮ್ಯಗ್ದರ್ಶನ ಸಾಧ್ಯವೆಂಬುದು ಆಗಮದ ಮಾತು.

ದೆಹಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ ಮಂದಿರದ ಪಕ್ಷಿ ಆಸ್ಪತ್ರೆಯೂ ಈ ತೊಡಕನ್ನು ಎದುರಿಸಿದೆ. ಅಲ್ಲಿ ಕಾಳು ತಿನ್ನುವ ಹಕ್ಕಿಗಳನ್ನು ಒಳಗಿಟ್ಟುಕೊಂಡು ಉಪಚರಿಸುತ್ತಾರೆ. ಮಾಂಸಾಹಾರಿ ಹಕ್ಕಿಗಳನ್ನು ಉಳಿಸಿಕೊಳ್ಳದಿದ್ದರೂ ಚಿಕಿತ್ಸೆಯಿಲ್ಲದೆ ಹಿಂದಕ್ಕೆ ಕಳುಹಿಸುವುದಿಲ್ಲ. ಹಿಂಸೆಗೆ ಆಸರೆಯಾಗದೆಯೂ ನೊಂದ ಜೀವಕ್ಕೆ ಆಸರೆಯಾಗಬಹುದೆಂಬುದಕ್ಕೆ ಇದು ನಿದರ್ಶನ.

ಇನ್ನು ಶೋಕದ ವಿಚಾರ. ಇಷ್ಟವಾದುದು ಅಗಲಿದಾಗ ಅದನ್ನೇ ಮತ್ತೆ ಮತ್ತೆ ಚಿಂತಿಸುತ್ತ ಕೊರಗುವುದನ್ನು ಶಾಸ್ತ್ರವು ಇಷ್ಟವಿಯೋಗಜ ಆರ್ತಧ್ಯಾನವೆಂದು ಕರೆದು, ಕರ್ಮಬಂಧಕ್ಕೆ ಕಾರಣವೆನ್ನುತ್ತದೆ. ಇದನ್ನು ಹಿಡಿದು, ಅಳುವ ಮಗುವನ್ನೋ ಒಂಟಿ ವೃದ್ಧೆಯನ್ನೋ “ಸತ್ತದ್ದು ಬೆಕ್ಕು ತಾನೇ” ಎಂದು ಗದರಿಸುವುದು ಧರ್ಮವಲ್ಲ, ನಿರ್ದಯತೆ. ಹದಿನೈದು ವರ್ಷ ಕಾಲಬಳಿ ಸುಳಿದ ಜೀವ ಇಲ್ಲವಾದಾಗ ಮನಸ್ಸು ಕರಗುವುದು, ಆ ಮನಸ್ಸಿನಲ್ಲಿ ದಯೆ ಇನ್ನೂ ಉಳಿದಿದೆ ಎಂಬುದರ ಗುರುತು. ಶಾಸ್ತ್ರ ತಡೆಯುವುದು ಕಣ್ಣೀರನ್ನಲ್ಲ, ಅದರಲ್ಲಿಯೇ ಮುಳುಗಿಹೋಗುವುದನ್ನು.

ಹಾಗೆ ಮುಳುಗದಿರುವ ದಾರಿ ಸಾವಿಗೆ ಮುನ್ನವೇ ತೆರೆದುಕೊಳ್ಳುತ್ತದೆ. ಮುಪ್ಪಿನ ಬೆಕ್ಕುಗಳಲ್ಲಿ ಮೂತ್ರಪಿಂಡದ ಕಾಯಿಲೆ ಸಾಮಾನ್ಯ. ನೀರು ಸದಾ ಸನಿಹದಲ್ಲಿರಬೇಕು, ಆಹಾರ ಬಿಟ್ಟರೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಬೀದಿಗೆ ಬಿಡದೆ ಬೆಚ್ಚನೆಯ ಎಡೆ ಕೊಡಬೇಕು. ಕೊನೆಯ ಗಳಿಗೆಯಲ್ಲಿ ಬಳಿ ಕುಳಿತು ಮೆಲ್ಲನೆ ಣಮೋಕಾರವನ್ನು ಹೇಳಬೇಕು. ಇಷ್ಟು ಮಾಡಿದ ಮನೆಯವರಿಗೆ ದುಃಖ ಉಳಿದೀತು, ಪಶ್ಚಾತ್ತಾಪ ಉಳಿಯದು. ಆ ಬಳಿಕ ಕಲ್ಲು ನೆಡಬೇಕಾಗಿಲ್ಲ. ಅಗಲಿದ ಜೀವಕ್ಕೆಂದು ಮೀಸಲಾಗಿದ್ದ ತುತ್ತು ಮತ್ತೊಂದು ಮುದಿ ಜೀವಕ್ಕೆ ಸಂದರೆ, ಅದೇ ತಕ್ಕ ಸ್ಮಾರಕ.