ಬಂದೂಕು ಇಳಿಸಿ ಪುಸ್ತಕ ಹಿಡಿದವರು

ನಮ್ಮ ಪ್ರೌಢಶಾಲೆಯ ಇತಿಹಾಸದ ಪಾಠದಲ್ಲಿ ಎರಡನೆಯ ಮಹಾಯುದ್ಧವು 1945ರಲ್ಲಿ ಜಪಾನಿನ ಶರಣಾಗತಿಯೊಂದಿಗೆ ಮುಗಿದುಹೋಗುತ್ತಿತ್ತು. ಗೆದ್ದು ಮನೆಗೆ ಮರಳಿದ ಸಾಮಾನ್ಯ ಸೈನಿಕ ಮುಂದೆ ಏನಾದ ಎಂಬುದಕ್ಕೆ ಪಠ್ಯಪುಸ್ತಕದಲ್ಲಿ ಜಾಗವಿರಲಿಲ್ಲ. ನಿಮ್ಮಲ್ಲಿ ಹಲವರು ಇಂದು ಮಕ್ಕಳ ಕಾಲೇಜು ಶುಲ್ಕದ ಚಿಂತೆಯಲ್ಲಿರುವ ವಯಸ್ಸಿನವರು. ಆದ್ದರಿಂದ ಅಮೆರಿಕವು ತನ್ನ ಸೈನಿಕರ ಓದಿನ ವೆಚ್ಚವನ್ನು ತಾನೇ ಹೊತ್ತ ಚರಿತ್ರೆಯನ್ನು ಇಲ್ಲಿ ಹೇಳಬಯಸುತ್ತೇನೆ.

ಇದರ ಹಿಂದೆ ಒಂದು ಕಹಿ ನೆನಪಿದೆ. ಮೊದಲನೆಯ ಮಹಾಯುದ್ಧದಿಂದ ಮರಳಿದವರಿಗೆ 1924ರ ಕಾನೂನು ಗೌರವಧನವನ್ನು ಮಂಜೂರು ಮಾಡಿತು. ಆದರೆ ಅದರ ಪೂರ್ಣ ಹಣ ಕೈಸೇರಬೇಕಾಗಿದ್ದುದು 1945ರಲ್ಲಿ. ನಡುವೆ 1929ರ ಆರ್ಥಿಕ ಮಹಾಕುಸಿತ ಬಂದೆರಗಿತು. 1932ರ ಬೇಸಗೆಯಲ್ಲಿ ಸಾವಿರಾರು ನಿರುದ್ಯೋಗಿ ಮಾಜಿ ಸೈನಿಕರು ಹೆಂಡಿರು ಮಕ್ಕಳೊಡನೆ ವಾಷಿಂಗ್ಟನ್ನಿಗೆ ಬಂದು, ಗುಡಿಸಲು ಹಾಕಿ ಕುಳಿತು, ಆ ಹಣವನ್ನು ಈಗಲೇ ಕೊಡಿರೆಂದು ಕೇಳಿದರು. ಜುಲೈ 28ರಂದು ಜನರಲ್ ಡಗ್ಲಾಸ್ ಮೆಕಾರ್ಥರ್ ನೇತೃತ್ವದ ಸೇನೆ ಅಶ್ರುವಾಯು ಪ್ರಯೋಗಿಸಿ ಅವರನ್ನು ಚದುರಿಸಿತು, ಗುಡಿಸಲುಗಳು ಬೂದಿಯಾದವು. ದೇಶಕ್ಕಾಗಿ ಹೋರಾಡಿದವರ ಮೇಲೆ ದೇಶದ ಸೇನೆಯೇ ನುಗ್ಗಿತ್ತು.

ಎರಡನೆಯ ಯುದ್ಧದಲ್ಲಿ ಸಮವಸ್ತ್ರ ಧರಿಸಿದ ಅಮೆರಿಕನ್ನರು ಸುಮಾರು 1 ಕೋಟಿ 60 ಲಕ್ಷ. ಇವರೆಲ್ಲ ಒಮ್ಮೆಲೇ ಮರಳಿದರೆ ಉದ್ಯೋಗವೆಲ್ಲಿ ಎಂಬ ಭಯ ಸರ್ಕಾರವನ್ನು ಕಾಡಿತು. ಮಾಜಿ ಸೈನಿಕರ ಸಂಘಟನೆಯಾದ ಅಮೆರಿಕನ್ ಲೀಜನ್ನಿನ ಹ್ಯಾರಿ ಕಾಲ್ಮೆರಿ ಎಂಬುವರು ಕಾನೂನಿನ ಮೊದಲ ಕರಡನ್ನು ವಾಷಿಂಗ್ಟನ್ನಿನ ಹೋಟೆಲೊಂದರ ಕಾಗದದ ಮೇಲೆ ಬರೆದರು. 1944ರ ಜೂನ್ 22ರಂದು, ನಾರ್ಮಂಡಿಯ ತೀರದಲ್ಲಿ ಸೈನ್ಯ ಇಳಿದ ಹದಿನಾರನೆಯ ದಿನ, ಅಧ್ಯಕ್ಷ ರೂಸ್‌ವೆಲ್ಟ್ ಅದಕ್ಕೆ ಸಹಿ ಹಾಕಿದರು. ಜನ ಅದನ್ನು ಜಿ.ಐ. ಬಿಲ್ ಎಂದು ಕರೆದರು.

ಷರತ್ತುಗಳು ಸರಳ. ಕನಿಷ್ಠ 90 ದಿನ ಸೇವೆ ಸಲ್ಲಿಸಿ ಕಳಂಕವಿಲ್ಲದೆ ಬಿಡುಗಡೆಯಾದವನಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕ ಮತ್ತು ಪುಸ್ತಕದ ವೆಚ್ಚ; ಜೀವನೋಪಾಯಕ್ಕೆ ತಿಂಗಳಿಗೆ 50 ಡಾಲರ್, ಅವಲಂಬಿತರಿದ್ದರೆ 75. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಶುಲ್ಕಕ್ಕೂ ಅಂದು ಆ ಹಣ ಸಾಲುತ್ತಿತ್ತು.

ದೊಡ್ಡ ವಿದ್ವಾಂಸರೇ ಇದನ್ನು ಒಪ್ಪಲಿಲ್ಲ. ಕಾಲೇಜುಗಳು ಅಲೆಮಾರಿಗಳ ತಂಗುದಾಣವಾಗುತ್ತವೆ ಎಂದು ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಎಚ್ಚರಿಸಿದರು. ಹಾರ್ವರ್ಡಿನ ಜೇಮ್ಸ್ ಕೊನಂಟ್ ಸಹ ಶಂಕಿಸಿದರು. ಆದರೆ ಬಂದ ವಿದ್ಯಾರ್ಥಿಗಳನ್ನು ಕಂಡ ಮೇಲೆ ಅವರೇ ಮೆಚ್ಚಿ ಮಾತನಾಡಿದರು. 1947ರಲ್ಲಿ ಅಮೆರಿಕದ ಕಾಲೇಜುಗಳಿಗೆ ಸೇರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾಜಿ ಸೈನಿಕರು. ಸ್ಥಳ ಸಾಲದೆ ತಗಡಿನ ಸೇನಾ ಶೆಡ್ಡುಗಳೇ ವಿದ್ಯಾರ್ಥಿಗಳ ಮನೆಗಳಾದವು. 1956ರ ವೇಳೆಗೆ 78 ಲಕ್ಷ ಜನ ಈ ಕಾನೂನಿನಡಿ ಕಲಿತಿದ್ದರು. ಅವರಲ್ಲಿ ಕಾಲೇಜು ಸೇರಿದವರು ಸುಮಾರು 22 ಲಕ್ಷ, ಉಳಿದವರು ಕಸುಬು, ಬೇಸಾಯ ಮುಂತಾದವುಗಳಲ್ಲಿ ತರಬೇತಿ ಪಡೆದವರು.

ಈ ಬೆಳಕಿನ ಕೆಳಗೂ ಕತ್ತಲೆಯಿತ್ತು. ಕಾನೂನಿನಲ್ಲಿ ಬಣ್ಣದ ಮಾತಿರಲಿಲ್ಲ. ಆದರೆ ಅದರ ಜಾರಿ ಬಹುಮಟ್ಟಿಗೆ ಸ್ಥಳೀಯರ ಕೈಯಲ್ಲಿತ್ತು. ದಕ್ಷಿಣದ ರಾಜ್ಯಗಳ ಬಿಳಿಯರ ಕಾಲೇಜುಗಳು ಕಪ್ಪು ಸೈನಿಕರಿಗೆ ಬಾಗಿಲು ತೆರೆಯಲಿಲ್ಲ. ಕಪ್ಪುಜನರ ಕಾಲೇಜುಗಳು ಕೆಲವೇ, ಅವೂ ಚಿಕ್ಕವು. ಸ್ಥಳವಿಲ್ಲದೆ ಅನೇಕರನ್ನು ಹಿಂದಕ್ಕೆ ಕಳುಹಿಸಿದವು. ಒಂದೇ ಯುದ್ಧದಲ್ಲಿ ಹೋರಾಡಿದ ಇಬ್ಬರಲ್ಲಿ ಒಬ್ಬ ಇಂಜಿನಿಯರಾದ. ಇನ್ನೊಬ್ಬ, ಹಕ್ಕುಪತ್ರ ಕೈಯಲ್ಲಿದ್ದೂ, ಹಳೆಯ ಕೂಲಿಗೇ ಮರಳಬೇಕಾಯಿತು.

1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತಿತು. ಅಂದಿನಿಂದ ಈ ಯೋಜನೆಯ ಸ್ವರೂಪವೇ ಬದಲಾಯಿತು. ಸ್ವಇಚ್ಛೆಯಿಂದ ಬರುವವರನ್ನು ಆಕರ್ಷಿಸಬೇಕಾಗಿ ಬಂದಾಗ, ಓದಿನ ಹಣವು ಭರ್ತಿಯ ಜಾಹೀರಾತಿನಲ್ಲಿ ಸೇರಿತು. 1984ರ ಮಾಂಟ್‌ಗೊಮರಿ ಕಾನೂನಿನಂತೆ ಸೈನಿಕನ ಮೊದಲ ಹನ್ನೆರಡು ತಿಂಗಳ ಸಂಬಳದಿಂದ ತಲಾ 100 ಡಾಲರ್ ಕಡಿತವಾಗುತ್ತಿತ್ತು. 2008ರ ಕಾನೂನು ಹೆಚ್ಚು ಉದಾರವಾದುದು: ಮೂರು ವರ್ಷ ಸೇವೆ ಮಾಡಿದವರಿಗೆ ತಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯದ ಪೂರ್ಣ ಶುಲ್ಕ, ಹೆಚ್ಚಿನ ಸೇವೆಗೆ ಒಪ್ಪಿದರೆ ಆ ಸೌಲಭ್ಯವನ್ನು ಮಡದಿ ಮಕ್ಕಳಿಗೂ ವರ್ಗಾಯಿಸಬಹುದು.

ಎರಡು ಕಾಲಗಳ ವ್ಯತ್ಯಾಸವನ್ನು ನೀವು ಗಮನಿಸಬೇಕು. 1944ರಲ್ಲಿ ದೇಶ ತಾನು ಪಟ್ಟ ಋಣವನ್ನು ತೀರಿಸಿತು. ಇಂದು ಹದಿನೆಂಟರ ಹುಡುಗನೊಬ್ಬ ಕಾಲೇಜಿನ ಆಸೆಯಿಂದ ಮೊದಲೇ ಒಪ್ಪಂದಕ್ಕೆ ಸಹಿ ಹಾಕುತ್ತಾನೆ. ಅವನಲ್ಲಿ ದೇಶಪ್ರೇಮವಿಲ್ಲವೆಂದು ನಾನು ಹೇಳಲಾರೆ. ಬಡವರ ಮನೆಯ ಎಷ್ಟೋ ಮಕ್ಕಳಿಗೆ ಅದು ನಿಜವಾದ ದಾರಿಯೂ ಹೌದು. ಆದರೆ ಉಳ್ಳವರ ಮಗ ಪ್ರಾಣಾಪಾಯವಿಲ್ಲದೆ ಪಡೆಯುವ ಪದವಿಗೆ ಇಲ್ಲದವನ ಮಗ ರಣರಂಗದ ಮೂಲಕವೇ ಹೋಗಬೇಕಾಗಿ ಬಂದರೆ, ಅದನ್ನು ಸ್ವಇಚ್ಛೆ ಎನ್ನಲು ಮೇಷ್ಟ್ರಾದ ನನ್ನ ಮನಸ್ಸು ಹಿಂಜರಿಯುತ್ತದೆ. ಸೇವೆ ಮಾಡಿ ಬಂದವನನ್ನು ಓದಿಸುವುದು ದೇಶದ ಕರ್ತವ್ಯ. ಸೇನೆಗೆ ಹೋಗದವನಿಗೂ ಓದಿನ ಬಾಗಿಲು ತೆರೆದಿರಬೇಕಾದುದು ಅಷ್ಟೇ ಮುಖ್ಯ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಅಲ್ಲಿನ ಕಾಲೇಜುಗಳಲ್ಲಿ ಇಂಥ ಮಾಜಿ ಸೈನಿಕರ ಜೊತೆ ಓದಿದ್ದರೆ, ಕಂಡದ್ದನ್ನು ಬರೆದು ತಿಳಿಸಿರಿ.